ಕೊನೆಯ ಕಂತನ್ನು ನೀವು ಹೇಗೆ ನೋಡಿದಿರಿ? ಅನಿಮೆ ಸರಣಿಗಳ ಮುಕ್ತಾಯದ ಬಗ್ಗೆ ಒಂದು ಮಾತುಕತೆ

ಹೂಮಳೆ · ಮೂಡಿಗೆರೆ · ಶುಕ್ರವಾರ ರಾತ್ರಿ

ಇಲ್ಲಿ ಹಲವು ಕಥೆಗಳ ಕೊನೆ ಬಯಲಾಗುತ್ತದೆ. ನೋಡದೆ ಇಟ್ಟುಕೊಂಡವರು ಮುಂದೆ ಓದಬೇಡಿ.

ನಿನ್ನೆ ರಾತ್ರಿ ‘ಅಟ್ಯಾಕ್ ಆನ್ ಟೈಟನ್’ ಎಂಬ ಅನಿಮೆಯ, ಅಂದರೆ ಜಪಾನಿ ಅನಿಮೇಷನ್ ಸರಣಿಯ, ಕಡೆಯ ಕಂತನ್ನು ನೋಡಿದೆ. ಅದು ಪ್ರಸಾರವಾಗಿದ್ದು 2023ರ ನವೆಂಬರಿನಲ್ಲಿ. ಅಂದಿನಿಂದ ಇಂದಿನವರೆಗೆ ಬೇಕೆಂದೇ ನೋಡದೆ ಉಳಿಸಿಕೊಂಡಿದ್ದೆ. ನೋಡಿದರೆ ಮುಗಿದುಹೋಗುತ್ತದೆ ಎಂಬ ಒಂದೇ ಕಾರಣಕ್ಕೆ.

ಈ ಸರಣಿ ನನ್ನ ಕೈಗೆ ಬಂದಿದ್ದು 2014ರಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ. ಅಣ್ಣ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಶನಿವಾರ ಸಂಜೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಬರುವಾಗ ಅವನ ಅಂಗಿಯ ಜೇಬಿನಲ್ಲಿ ಒಂದು ಪೆನ್ ಡ್ರೈವ್ ಇರುತ್ತಿತ್ತು. ಮೊದಲ ಕಂತಿನಲ್ಲಿ ಕಥಾನಾಯಕ ಎರೆನ್‌ನ ತಾಯಿಯನ್ನು ದೈತ್ಯ ಎತ್ತಿಕೊಂಡಾಗ ನಾನು ಎದ್ದು ಅಡುಗೆಮನೆಗೆ ಹೋಗಿ ರೊಟ್ಟಿ ತಟ್ಟುತ್ತಿದ್ದ ಅಮ್ಮನ ಪಕ್ಕ ಸುಮ್ಮನೆ ನಿಂತೆ. ಏನಾಯಿತು ಎಂದು ಅಮ್ಮ ಕೇಳಿದರೆ ಹೇಳಲು ಮಾತು ಬರಲಿಲ್ಲ. ಆಮೇಲೆ ಅಣ್ಣ ಬೆಂಗಳೂರಿಗೆ ಹೋದ. ಸರಣಿ ಮುಂದುವರಿಯಿತು, ನಾವಿಬ್ಬರೂ ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಕಂತನ್ನು ನೋಡಿ ಫೋನಿನಲ್ಲಿ ಜಗಳವಾಡುತ್ತಿದ್ದೆವು. ನಂತರ ಅದೂ ಕಡಿಮೆಯಾಯಿತು.

ನಿನ್ನೆ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಕರೆಂಟು ಹೋಗಿ ಎರಡು ದಿನ. ಕಚೇರಿಯಲ್ಲೇ ಕಂತನ್ನು ಇಳಿಸಿಕೊಂಡು, ಫೋನನ್ನು ಅಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಬಂದಿದ್ದೆ. ಒಂದೂಕಾಲು ಗಂಟೆಗೂ ಹೆಚ್ಚಿನ ಕಂತು. ಕೊನೆಯಲ್ಲಿ ಗುಡ್ಡದ ಮೇಲಿನ ಮರದ ಕೆಳಗೆ ಎರೆನ್‌ನನ್ನು ಪ್ರೀತಿಸಿದ ಮಿಕಾಸಾ ಕುಳಿತಿರುತ್ತಾಳೆ, ಒಂದು ಹಕ್ಕಿ ಬಂದು ಅವಳ ಕೊರಳಿನ ಶಾಲನ್ನು ಕೊಕ್ಕಿನಿಂದ ಎಳೆದು ಮತ್ತೆ ಸುತ್ತುತ್ತದೆ. ಅಲ್ಲಿಗೆ ಫೋನನ್ನು ಮಗುಚಿಟ್ಟೆ. ಜಗುಲಿಗೆ ಬಂದು ನಿಂತೆ. ಮದುವೆ ಮುಗಿದ ಮಾರನೆಯ ದಿನ ಚಪ್ಪರ ಬಿಚ್ಚಿದ ಮೇಲೆ ಅಂಗಳ ಕಾಣುತ್ತದಲ್ಲ, ಗೂಟ ಕಿತ್ತ ಗುಂಡಿಗಳು, ಬಾಡಿದ ಮಾವಿನ ತೋರಣ, ಎಣಿಸಿಟ್ಟ ಬಾಡಿಗೆ ಪಾತ್ರೆಗಳು. ಮನಸ್ಸು ಹಾಗೆಯೇ ಇತ್ತು.

ಕಥೆ ಸರಿಯಾಗಿ ಮುಗಿಯಿತೇ ಎನ್ನುವುದಕ್ಕಿಂತ, ಮುಗಿದ ಕ್ಷಣದಲ್ಲಿ ನಿಮಗೆ ಏನಾಯಿತು ಎಂದು ತಿಳಿಯುವ ಆಸೆ ನನಗೆ. ಬರೆಯುತ್ತೀರಾ?

ಬೇಲೂರು ರಸ್ತೆ · ಹಾಸನ · ಶುಕ್ರವಾರ ತಡರಾತ್ರಿ

ಹೂಮಳೆ ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ನನಗೆ ಮಾತ್ರ ಅದೇ ಕಥೆಯ ಕೊನೆಯಿಂದ ಬಂದಿದ್ದು ಸಿಟ್ಟು, ಅದು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಮಂಗಾ, ಅಂದರೆ ಮೂಲ ಜಪಾನಿ ಕಾಮಿಕ್ಸ್, ಓದಿದವನು. ಹಾಜಿಮೆ ಇಸಾಯಾಮಾ ಅವರು 2009ರಲ್ಲಿ ಶುರು ಮಾಡಿದ ಕಥೆಯ 139ನೇ ಅಧ್ಯಾಯ, ಅಂದರೆ ಕೊನೆಯದು, 2021ರ ಏಪ್ರಿಲ್‌ನಲ್ಲಿ ಬಂತು. ಗೋಡೆಯೊಳಗಿನ ದೈತ್ಯರನ್ನೆಲ್ಲ ಎಬ್ಬಿಸಿ ಎರೆನ್ ಲೋಕದ ಮೇಲೆ ನಡೆಸುತ್ತಾನೆ. ನೂರಕ್ಕೆ 80 ಜನ ಸಾಯುತ್ತಾರೆ. ಅಂಥವನ ಮುಂದೆ ನಿಂತು ಅವನ ಜೀವದ ಗೆಳೆಯ ಆರ್ಮಿನ್, ನಮಗೋಸ್ಕರ ಕೊಲೆಗಾರನಾದೆಯಲ್ಲ ಎಂದು ಧನ್ಯವಾದ ಹೇಳುತ್ತಾನೆ. ಆ ಪುಟವನ್ನು ನಾನು ಮೂರು ಸಲ ಓದಿದೆ, ನಾನೇ ತಪ್ಪಾಗಿ ಓದಿದೆನೇನೋ ಎಂದು. ಹನ್ನೆರಡು ವರ್ಷ ಯುದ್ಧದ ಭೀಕರತೆಯನ್ನು ಕಣ್ಣಿಗೆ ಕಟ್ಟಿಸಿದ ಲೇಖಕ, ಆರ್ಮಿನ್‌ನಂಥ ವಿವೇಕಿಯ ಬಾಯಿಂದ ಆ ಮಾತು ಹೇಗೆ ಆಡಿಸಿದರು?

ಅನಿಮೆಯಲ್ಲಿ ಅದನ್ನು ಬದಲಿಸಿದ್ದಾರೆ ಎಂಬುದನ್ನು ಒಪ್ಪಲೇಬೇಕು. ಅಲ್ಲಿ ಆರ್ಮಿನ್ ಧನ್ಯವಾದ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಈ ಪಾಪದಲ್ಲಿ ನನ್ನ ಪಾಲೂ ಇದೆ, ನರಕದಲ್ಲಿ ಇಬ್ಬರೂ ಜೊತೆಗಿರುತ್ತೇವೆ ಎನ್ನುತ್ತಾನೆ. ಅದೇ ಮುಖ, ಅದೇ ಸನ್ನಿವೇಶ, ನಾಲ್ಕು ಮಾತು ಬೇರೆಯಾದ ಕೂಡಲೇ ಎದೆಗೆ ನಾಟುತ್ತದೆ. ಆ ಬದಲಾವಣೆಗೆ ಕೈ ಮುಗಿಯುತ್ತೇನೆ. ಆದರೂ ಮೊದಲು ಓದಿದ್ದು ಅಳಿಸಿಹೋಗುವುದಿಲ್ಲ.

ನನ್ನ ಮಟ್ಟಿಗೆ ಮುಕ್ತಾಯ ಎನ್ನುವುದು ಕಥೆಗಾರ ತೀರಿಸಬೇಕಾದ ಸಾಲ. ವರ್ಷಗಟ್ಟಲೆ ಕಾದವರಿಗೆ ಅದನ್ನು ಕೇಳುವ ಹಕ್ಕಿದೆ.

ಗಮಕದ ಮನೆ · ಕಡೂರು · ಶನಿವಾರ ಬೆಳಿಗ್ಗೆ

ನಾನು ನಿವೃತ್ತ ಕನ್ನಡ ಮೇಷ್ಟರು. ಮೊಮ್ಮಗಳು ರಜೆಗೆ ಬಂದಾಗ ಅವಳ ಜೊತೆ ಕುಳಿತು ಅನಿಮೆ ನೋಡುವ ಅಭ್ಯಾಸವಾಗಿದೆ. ಈಗ ಅವಳಿಲ್ಲದಿದ್ದಾಗಲೂ ನೋಡುತ್ತೇನೆ. ಬೇಲೂರು ರಸ್ತೆಯವರ ‘ಸಾಲ’ ಎಂಬ ಮಾತು ನನ್ನನ್ನು ಬೆಳಗಿನಿಂದ ಕಾಡುತ್ತಿದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಂದೇ ಕಥೆಗೆ ಎರಡು ಕೊನೆಗಳಿರುವುದು ನಮಗೆ ಹೊಸತಲ್ಲ. ಪಂಪ 941ರಲ್ಲಿ ಭಾರತವನ್ನು ಕನ್ನಡಕ್ಕೆ ತಂದಾಗ ಕಡೆಯಲ್ಲಿ ಪಟ್ಟ ಕಟ್ಟಿದ್ದು ಅರ್ಜುನನಿಗೆ, ಪಕ್ಕದಲ್ಲಿ ಪಟ್ಟದರಸಿಯಾಗಿ ಕೂರಿಸಿದ್ದು ಸುಭದ್ರೆಯನ್ನು. ಅವನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ ಬರೆದ ಕಾವ್ಯವಾದ್ದರಿಂದ ಹಾಗಾಯಿತು. ರನ್ನನ ಕಾವ್ಯದಲ್ಲಿ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದ್ದರಿಂದ ಪಟ್ಟ ಭೀಮನಿಗೆ ಬಂತು. ಕುಮಾರವ್ಯಾಸನಂತೂ ಹತ್ತು ಪರ್ವಗಳಿಗೇ, ಗದಾಪರ್ವಕ್ಕೇ ನಿಲ್ಲಿಸಿಬಿಟ್ಟ. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಈಗ ಹೇಳಿ, ಗಮಕ ವಾಚನಕ್ಕೆ ಕೂರುವವರು ಯಾವ ಕವಿಯ ಹತ್ತಿರ ಸಾಲ ವಸೂಲಿಗೆ ಹೋಗಬೇಕು?

‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ನೋಡುವಾಗ ಇದೇ ನೆನಪಾಗುತ್ತಿತ್ತು. ಹಿರೋಮು ಅರಾಕಾವಾ ಅವರ ಮೂಲ ಮಂಗಾ 2001ರಿಂದ 2010ರವರೆಗೆ ನಡೆಯಿತು. ಆದರೆ ಮೊದಲ ಅನಿಮೆ ಬಂದಿದ್ದು 2003ರಲ್ಲಿ. ಮೂಲ ಕಥೆ ಅರ್ಧ ದಾರಿಯಲ್ಲಿತ್ತು, ಆದ್ದರಿಂದ ಅನಿಮೆಯವರು ತಮ್ಮದೇ ದಾರಿ ಹಿಡಿದು 51 ಕಂತುಗಳಲ್ಲಿ ತಮ್ಮದೇ ಕೊನೆ ಬರೆದರು. ಅಲ್ಲಿ ರಸವಿದ್ಯೆಯ ಪ್ರಯೋಗದಲ್ಲಿ ದೇಹ ಕಳೆದುಕೊಂಡಿದ್ದ ತಮ್ಮ ಆಲ್‌ಗೆ ಅದು ಮರಳಿ ಸಿಗುತ್ತದೆ, ಆದರೆ ಅಣ್ಣನ ಜೊತೆ ಅಲೆದ ಅಷ್ಟೂ ವರ್ಷಗಳ ನೆನಪು ಹೋಗಿರುತ್ತದೆ. ಅಣ್ಣ ಎಡ್ವರ್ಡ್ ಬೇರೆಯದೇ ಲೋಕಕ್ಕೆ, ನಮ್ಮ ಲೋಕಕ್ಕೆ ಬಂದು ಬೀಳುತ್ತಾನೆ. ಇಬ್ಬರೂ ಬದುಕಿದ್ದಾರೆ, ಇಬ್ಬರೂ ಹುಡುಕುತ್ತಿದ್ದಾರೆ, ನಡುವೆ ದಾಟಲಾಗದ ಬಾಗಿಲು. ಅದೇ ಸ್ಟುಡಿಯೋ 2009ರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿ, ಮೂಲವನ್ನು ಅನುಸರಿಸಿ 64 ಕಂತುಗಳ ‘ಬ್ರದರ್‌ಹುಡ್’ ಮಾಡಿತು. ಇಲ್ಲಿ ಎಡ್ವರ್ಡ್ ತಮ್ಮನನ್ನು ಬಿಡಿಸಿಕೊಳ್ಳಲು ತನ್ನ ವಿದ್ಯೆಯನ್ನೇ, ರಸವಿದ್ಯೆಯ ಆ ಬಾಗಿಲನ್ನೇ ಕೊಟ್ಟುಬಿಡುತ್ತಾನೆ. ಚಿಕ್ಕಂದಿನಿಂದ ತನ್ನ ಗುರುತಾಗಿದ್ದ ವಿದ್ಯೆ. ಕೊಡುವಾಗ ಅವನ ಮುಖದಲ್ಲಿ ನಗು ಇರುತ್ತದೆ, ಗಮನಿಸಿ.

ಮೊಮ್ಮಗಳಿಗೆ ಎರಡನೆಯದೇ ‘ನಿಜವಾದ’ ಕೊನೆ. ನನಗೆ ಹಾಗೆನ್ನಿಸುವುದಿಲ್ಲ. ಎರಡನೆಯದನ್ನು ನೋಡಿ ಮುಗಿಸಿದ ರಾತ್ರಿ ಹೊಟ್ಟೆ ತುಂಬಿದವನಂತೆ ಮಲಗಿದೆ. ಮೊದಲನೆಯದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ನನಗೊಬ್ಬ ತಮ್ಮನಿದ್ದ. ಹತ್ತು ವರ್ಷದ ಹಿಂದೆ ತೀರಿಕೊಂಡ. ಕಡೆಯ ದಿನಗಳಲ್ಲಿ ಅವನಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ಮಲ್ಲೇನಹಳ್ಳಿ ಕೆರೆಯಲ್ಲಿ ಈಜು ಕಲಿಸಿದ್ದು, ಪರೀಕ್ಷೆಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿದ್ದು, ಯಾವುದೂ ಅವನಲ್ಲಿ ಉಳಿದಿರಲಿಲ್ಲ. ಆ 2003ರ ಕೊನೆಯನ್ನು ಬರೆದವರಿಗೆ ನನ್ನ ಮನೆಯ ವಿಷಯ ಹೇಗೆ ಗೊತ್ತಾಯಿತು ಎಂದು ನಾನು ಕೇಳಿಕೊಂಡೆ.

ರಾತ್ರಿಪಾಳಿ · ಹಾಸನ · ಶನಿವಾರ ಮಧ್ಯಾಹ್ನ

ಮೇಷ್ಟರೇ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ನಾನು ನರ್ಸ್. ನಮ್ಮ ಕೆಲಸದಲ್ಲಿ ಕೊನೆಯ ದೃಶ್ಯ ಎನ್ನುವುದು ನಮಗೆ ಸಿಗುವುದು ಅಪರೂಪ. ಪಾಳಿ ಮುಗಿಸಿ ಬರುವಾಗ ಏಳನೇ ಹಾಸಿಗೆಯ ಅಜ್ಜಿ “ನಾಳೆ ಬರುವಾಗ ಮಲ್ಲಿಗೆ ತಾ ಮಗಳೇ” ಎಂದಿರುತ್ತಾರೆ. ಮಾರನೆಯ ರಾತ್ರಿ ಹೋದರೆ ಹಾಸಿಗೆಗೆ ಮಡಿಕೆ ಮುರಿಯದ ಹೊಸ ಹೊದಿಕೆ ಹಾಕಿರುತ್ತದೆ. ಬ್ಯಾಗಿನಲ್ಲಿ ಹೂವು ಹಾಗೇ ಇರುತ್ತದೆ. ಯಾರನ್ನಾದರೂ ಕೇಳುವ ಹೊತ್ತಿಗೆ ಅಲ್ಲಿ ಬೇರೆ ಯಾರೋ ದಾಖಲಾಗಿರುತ್ತಾರೆ.

‘ಯುವರ್ ಲೈ ಇನ್ ಏಪ್ರಿಲ್’ 22 ಕಂತುಗಳ ಸರಣಿ. ಪಿಟೀಲು ನುಡಿಸುವ ಕಾವೊರಿ ಕಡೆಯಲ್ಲಿ ಉಳಿಯುವುದಿಲ್ಲ. ಅವಳು ಹೋದ ಮೇಲೆ, ಪಿಯಾನೊ ನುಡಿಸುವ ಹುಡುಗ ಕೊಸೆಯ ಕೈಗೆ ಒಂದು ಪತ್ರ ಸಿಗುತ್ತದೆ. ಅವನ ಗೆಳೆಯನನ್ನು ಇಷ್ಟಪಡುತ್ತೇನೆ ಎಂದು ತಾನು ಹೇಳಿದ್ದೇ ಆ ಏಪ್ರಿಲ್ ತಿಂಗಳ ಸುಳ್ಳು ಎಂದು ಅದರಲ್ಲಿ ಬರೆದಿರುತ್ತಾಳೆ. ಎಲ್ಲರೂ ಪತ್ರಕ್ಕೆ ಅಳುತ್ತಾರೆ. ನಾನು ಅತ್ತಿದ್ದು ಅದಕ್ಕೂ ಮೊದಲು, ಆಸ್ಪತ್ರೆಯ ಕೋಣೆ ಕಂಡಾಗಲೆಲ್ಲ. ಪತ್ರ ಬಂದಾಗ ನನಗೆ ನಿಜವಾಗಿ ಸಮಾಧಾನವಾಯಿತು. ಹೇಳಬೇಕಾದದ್ದನ್ನು ಹೇಳಿಯೇ ಹೋದಳಲ್ಲ.

ಇನ್ನೊಂದು ‘ಅನೊಹಾನಾ’, 2011ರದು, 11 ಕಂತು ಮಾತ್ರ. ಚಿಕ್ಕಂದಿನಲ್ಲಿ ತೀರಿಹೋದ ಮೆನ್ಮಾ ಎಂಬ ಹುಡುಗಿ ವರ್ಷಗಳ ನಂತರ ಒಬ್ಬ ಗೆಳೆಯನ ಕಣ್ಣಿಗೆ ಮಾತ್ರ ಕಾಣಿಸಿಕೊಳ್ಳುತ್ತಾಳೆ. ಕೊನೆಯಲ್ಲಿ ಅವಳು ಕರಗಿಹೋಗುವ ಹೊತ್ತು, ಆ ಐದು ಜನ ಗೆಳೆಯರು ನಸುಕಿನಲ್ಲಿ ಕಾಡಿನ ತುಂಬ ಹುಡುಕುತ್ತಾ ಕಣ್ಣಾಮುಚ್ಚಾಲೆಯ ಕೂಗು ಹಾಕುತ್ತಾರೆ. ಆಯಿತಾ, ಬರಲಾ ಎಂದು. ಕಡೆಗೆ ಅವಳು ಎಲ್ಲರಿಗೂ ಕಾಣುತ್ತಾಳೆ. “ಮೆನ್ಮಾ, ಸಿಕ್ಕಿಬಿಟ್ಟೆ!” ಎಂದು ಒಟ್ಟಿಗೆ ಅಳುತ್ತಾ ಕೂಗುತ್ತಾರೆ, ಅವಳು ಸಿಕ್ಕಿಬಿಟ್ಟೆ ಎಂದು ಒಪ್ಪಿಕೊಂಡು ಮರೆಯಾಗುತ್ತಾಳೆ. ನಾನು ಆ ದೃಶ್ಯ ನೋಡಿದ್ದು ಮಧ್ಯರಾತ್ರಿಯ ವಿರಾಮದಲ್ಲಿ, ಸಬ್‌ಟೈಟಲ್ ಓದುತ್ತಾ. ಆದರೆ ಕಿವಿಗೆ ಕೇಳಿಸಿದ್ದು “ಕಣ್ಣಾ ಮುಚ್ಚೇ ಕಾಡೇ ಗೂಡೇ”. ನಮ್ಮಯ ಹಕ್ಕಿ ಬಿಟ್ಟೇ ಬಿಟ್ಟೆ ಎನ್ನುವ ಸಾಲನ್ನು ಚಿಕ್ಕಂದಿನಲ್ಲಿ ಎಷ್ಟು ಸಾವಿರ ಸಲ ಹಾಡಿದ್ದೇನೋ. ಅಂದು ರಾತ್ರಿ ಅದರ ಅರ್ಥವೇ ಬೇರೆಯಾಯಿತು.

ಬೇಲೂರು ರಸ್ತೆ · ಹಾಸನ · ಶನಿವಾರ ಮಧ್ಯಾಹ್ನ

ಮೇಷ್ಟರೇ, ಅಕ್ಕ, ನಿಮ್ಮಿಬ್ಬರ ಮಾತಿನ ಮುಂದೆ ವಾದಕ್ಕೆ ನಿಲ್ಲುವುದು ಕಷ್ಟ. ಆದರೂ ನನ್ನ ಸಿಟ್ಟಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ.

‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಮೊದಲ ಭಾಗವನ್ನು ಉಸಿರು ಬಿಗಿಹಿಡಿದು ನೋಡಿದ್ದೆವು. 2021ರ ಎರಡನೇ ಭಾಗದಲ್ಲಿ ಮಂಗಾದ ಒಂದು ಇಡೀ ಘಟ್ಟವನ್ನೇ, ಗೋಲ್ಡಿ ಪಾಂಡ್ ಪ್ರಸಂಗವನ್ನೇ, ಕೈಬಿಟ್ಟರು. ಉಳಿದ ಅಷ್ಟೂ ಕಥೆಯನ್ನು 11 ಕಂತುಗಳಲ್ಲಿ ಓಡಿಸಿ, ಕಡೆಗೆ ಮಾತಿಲ್ಲದ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿ ಮುಗಿಸಿದರು. ಅನಾಥಾಲಯದಿಂದ ಅಷ್ಟು ಕಷ್ಟಪಟ್ಟು ತಪ್ಪಿಸಿಕೊಂಡ ಮಕ್ಕಳ ಮುಂದಿನ ಬದುಕು, ಫೋಟೋ ಆಲ್ಬಂ ಮಗುಚಿದ ಹಾಗೆ! ಪಂಕ್ತಿಯಲ್ಲಿ ಕೂರಿಸಿ, ಅನ್ನ ಸಾರು ಬಡಿಸಿ, ಮಜ್ಜಿಗೆ ಬರುವ ಮೊದಲೇ ಎಲೆ ಎತ್ತಿದ ಹಾಗೆ. ಇದಕ್ಕೆ ಯಾವ ಕವಿಯ ಆಧಾರವೂ ಸಿಗುವುದಿಲ್ಲ, ಮೇಷ್ಟರೇ.

12 ಕಂತು ಮಾಡಿ ನಿಲ್ಲಿಸಿ, ಮುಂದಿನದನ್ನು ಮಂಗಾದಲ್ಲಿ ಓದಿಕೊಳ್ಳಿ ಎನ್ನುವ ಸರಣಿಗಳದ್ದು ಮತ್ತೊಂದು ದೊಡ್ಡ ಪಟ್ಟಿ. ಅವಕ್ಕೆ ಕೊನೆಯೇ ಇಲ್ಲ.

ಗಮಕದ ಮನೆ · ಕಡೂರು · ಶನಿವಾರ ಸಂಜೆ

ಎಲೆ ಎತ್ತಿದ ಮಾತು ಒಪ್ಪಿದೆ. ಆ ಸರಣಿಯ ವಿಷಯದಲ್ಲಿ ನಾನೂ ನಿಮ್ಮ ಕಡೆ.

ಏಲಕ್ಕಿ · ಸಕಲೇಶಪುರ · ಶನಿವಾರ ರಾತ್ರಿ

‘ಇವಾಂಗೆಲಿಯನ್’ ಹೆಸರನ್ನು ಇನ್ನೂ ಯಾರೂ ಎತ್ತಲಿಲ್ಲವಲ್ಲ! ಕೊನೆಯ ಬಗ್ಗೆ ಮಾತು ಬಂದರೆ ಅದರಿಂದಲೇ ಶುರುವಾಗಬೇಕು.

1995ರ ಅಕ್ಟೋಬರಿನಿಂದ 1996ರ ಮಾರ್ಚ್‌ವರೆಗೆ 26 ಕಂತು. ಹದಿನಾಲ್ಕು ವರ್ಷದ ಶಿಂಜಿ ದೊಡ್ಡ ಯಂತ್ರದಂಥ ದೇಹದೊಳಗೆ ಕುಳಿತು ಹೋರಾಡುವ ಕಥೆ. ಕಡೆಯ ಎರಡು ಕಂತು ಬರುವ ಹೊತ್ತಿಗೆ ಹೊರಗಿನ ಯುದ್ಧವೇ ಕಾಣೆಯಾಗುತ್ತದೆ. ಎಲ್ಲವೂ ಶಿಂಜಿಯ ತಲೆಯೊಳಗೆ. ಖಾಲಿ ರಂಗದಂಥ ಜಾಗದಲ್ಲಿ ಒಂದು ಕುರ್ಚಿ, ಪ್ರಶ್ನೆಗಳು, ಪೆನ್ಸಿಲ್ ಗೆರೆಯ ಚಿತ್ರಗಳು, ನಿಶ್ಚಲ ಫೋಟೋಗಳು. ಕೊನೆಗೆ ಅವನು ನಾನು ಇಲ್ಲಿರಬಹುದು ಎಂದುಕೊಳ್ಳುತ್ತಾನೆ, ಸುತ್ತ ನಿಂತ ಎಲ್ಲರೂ ಚಪ್ಪಾಳೆ ತಟ್ಟಿ ಅಭಿನಂದನೆ ಹೇಳುತ್ತಾರೆ. ಮುಗಿಯಿತು.

ಮೊದಲ ಸಲ ನೋಡಿದಾಗ ನಾನು ಪಿಯುಸಿಯಲ್ಲಿದ್ದೆ. ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೆ ಅಜ್ಜಿ ಎಚ್ಚರಗೊಂಡರು. ಮೋಸ ಎನ್ನಿಸಿತ್ತು. 1997ರ ಜುಲೈನಲ್ಲಿ ನಿರ್ದೇಶಕ ಹಿದೆಆಕಿ ಅನ್ನೊ ಚಲನಚಿತ್ರದ ರೂಪದಲ್ಲಿ ಇನ್ನೊಂದು ಕೊನೆ ಕೊಟ್ಟರು. ಅದರಲ್ಲಿ ಹೊರಗಿನ ಲೋಕಕ್ಕೆ ಏನಾಯಿತು ಎಂದು ಕಾಣುತ್ತದೆ, ಆದರೆ ಆ ಕೆಂಪು ಕಡಲಿನ ದಂಡೆ ನೋಡಿದ ಮೇಲೆ ಚಪ್ಪಾಳೆಯೇ ವಾಸಿಯಿತ್ತು ಎನ್ನಿಸುವಷ್ಟು ಎದೆ ಭಾರವಾಗುತ್ತದೆ.

ಮೂರನೆಯ ಕೊನೆ ಇನ್ನೊಂದು ಚಲನಚಿತ್ರವಾಗಿ 2021ರ ಮಾರ್ಚ್‌ನಲ್ಲಿ ಬಂತು. ನಾನು ಅದನ್ನು ನೋಡಿದ ವರ್ಷ ಅಪ್ಪ ಹೋಗಿದ್ದರು, ಮನೆಯಲ್ಲಿ ನಾನು ಯಾರ ಜೊತೆಯೂ ಮಾತನಾಡುತ್ತಿರಲಿಲ್ಲ. ಆ ಚಿತ್ರದ ಕಡೆಯಲ್ಲಿ ಶಿಂಜಿ ದೊಡ್ಡವನಾಗಿ ಒಂದು ಸಾಮಾನ್ಯ ರೈಲು ನಿಲ್ದಾಣದಲ್ಲಿರುತ್ತಾನೆ. ದೈತ್ಯಯಂತ್ರ ಇಲ್ಲ, ಯುದ್ಧ ಇಲ್ಲ. ಜೊತೆಗಾರ್ತಿ ಮಾರಿಯ ಕೈ ಹಿಡಿದು ಮೆಟ್ಟಿಲು ಹತ್ತಿ ಓಡಿ ನಿಲ್ದಾಣದಿಂದ ಹೊರಗೆ ಬರುತ್ತಾನೆ. ಆಮೇಲೆ ತೆರೆಯ ಮೇಲೆ ಬರುವುದು ಬರೆದ ಚಿತ್ರವಲ್ಲ, ನಿಜವಾದ ಊರು, ಮೇಲಿನಿಂದ ತೆಗೆದ ದೃಶ್ಯ. ಅದು ಉಬೆ, ಅನ್ನೊ ಅವರು ಹುಟ್ಟಿದ ಊರು. ಒಂದು ಕಥೆಯನ್ನು ಇಪ್ಪತ್ತೈದು ವರ್ಷ ಬಿಡದೆ ಮತ್ತೆ ಮತ್ತೆ ಬರೆದು, ಕಡೆಗೆ ಅದನ್ನು ತನ್ನ ಊರಿಗೆ ಕರೆದುಕೊಂಡು ಹೋಗಿ ಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ನಾನು ನಮ್ಮ ಸಕಲೇಶಪುರ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕುಳಿತೆ. ಎಲ್ಲಿಗೂ ಹೋಗುವುದಿರಲಿಲ್ಲ. ಮಂಗಳೂರಿನ ಕಡೆಯ ಹಳಿ ಮಂಜಿನೊಳಗೆ ಹೋಗಿ ಮಾಯವಾಗುತ್ತಿತ್ತು. ಕಡಲೆಕಾಯಿ ಮಾರುವ ಅಜ್ಜ ಪಕ್ಕದಲ್ಲಿ ಬುಟ್ಟಿ ಇಟ್ಟು, “ಯಾವ ಗಾಡಿಗೆ ಕಾಯುತ್ತಿದ್ದೀಯಪ್ಪ?” ಎಂದರು. ಬಹಳ ದಿನಗಳ ನಂತರ ಒಬ್ಬ ಅಪರಿಚಿತರ ಜೊತೆ ಅರ್ಧ ಗಂಟೆ ಮಾತನಾಡಿದೆ. ಮನೆಗೆ ಬಂದು ಅಮ್ಮನ ಜೊತೆಯೂ.

ಈಗ 1996ರ ಆ ಚಪ್ಪಾಳೆ ಮೋಸ ಎನ್ನಿಸುವುದಿಲ್ಲ. ಮೂರೂ ಕೊನೆಗಳು ಒಬ್ಬನೇ ಮನುಷ್ಯನ ಮೂರು ವಯಸ್ಸುಗಳು.

ಐದನೇ ಬೆಂಚು · ಚಿಕ್ಕಮಗಳೂರು · ಭಾನುವಾರ ಬೆಳಿಗ್ಗೆ

ನೀವೆಲ್ಲ ದೊಡ್ಡ ದೊಡ್ಡ ಸರಣಿಗಳ ಬಗ್ಗೆ ಬರೆಯುತ್ತಿದ್ದೀರಿ. ನನ್ನದು ಡೊರೆಮಾನ್. ಏಳು ವರ್ಷದ ಮಗ ಕಳೆದ ತಿಂಗಳು ಕಡುಬು ತಿನ್ನುತ್ತಾ ಕೇಳಿದ: “ಅಮ್ಮಾ, ಡೊರೆಮಾನ್ ಯಾವಾಗ ಮುಗಿಯುತ್ತದೆ?”

ಮುಗಿಯುವುದಿಲ್ಲ ಎಂದೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ಮೂಲ ಲೇಖಕರಾದ ಫುಜಿಕೊ ಎಫ್. ಫುಜಿಯೊ 1996ರಲ್ಲಿ ತೀರಿಕೊಂಡರು, ಕಡೆಯ ಅಧ್ಯಾಯ ಎಂದು ಎಲ್ಲದಕ್ಕೂ ಪೂರ್ಣವಿರಾಮ ಇಟ್ಟು ಹೋಗಲಿಲ್ಲ. ಆದರೆ 1974ರಲ್ಲಿ ಅವರು ಒಂದು ಬೀಳ್ಕೊಡುಗೆಯ ಕಥೆ ಬರೆದಿದ್ದರು. ಭವಿಷ್ಯದಿಂದ ಬಂದ ರೋಬೋ ಬೆಕ್ಕು ಡೊರೆಮಾನ್ ತನ್ನ ಕಾಲಕ್ಕೆ ಮರಳಿ ಹೋಗಲೇಬೇಕಾಗಿರುತ್ತದೆ. ತಾನು ನೋಡಿಕೊಳ್ಳುವ ಹುಡುಗ ನೊಬಿತಾ ಒಬ್ಬನೇ ಹೇಗಿರುತ್ತಾನೆ ಎಂಬ ಚಿಂತೆ ಅದಕ್ಕೆ. ಆ ರಾತ್ರಿ ನೊಬಿತಾ, ತನ್ನನ್ನು ಸದಾ ಹೊಡೆಯುವ ಜಿಯಾನ್‌ನ ಎದುರು ಒಬ್ಬನೇ ನಿಲ್ಲುತ್ತಾನೆ, ಯಾವ ಉಪಕರಣದ ನೆರವೂ ಇಲ್ಲದೆ. ಹೊಡೆತ ತಿಂದು ಬಿದ್ದು, ಮತ್ತೆ ಎದ್ದು ಹಿಡಿದುಕೊಳ್ಳುತ್ತಾನೆ, ಬಿಡುವುದೇ ಇಲ್ಲ. ನಾನೊಬ್ಬನೇ ಗೆಲ್ಲದಿದ್ದರೆ ಡೊರೆಮಾನ್ ನೆಮ್ಮದಿಯಿಂದ ಹೋಗಲಾರ ಎನ್ನುವುದೊಂದೇ ಅವನ ಮನಸ್ಸಿನಲ್ಲಿ. ಕಡೆಗೆ ಜಿಯಾನ್‌ನೇ ಸೋತೆ ಎಂದು ಹೊರಟುಹೋಗುತ್ತಾನೆ. ಬೆಳಗಾಗುವ ಹೊತ್ತಿಗೆ, ಮಲಗಿದ ನೊಬಿತಾನ ಪಕ್ಕದಲ್ಲಿ ಡೊರೆಮಾನ್ ಇರುವುದಿಲ್ಲ.

ಆದರೆ ಲೇಖಕರಿಗೇ ಬಿಟ್ಟುಕೊಡಲು ಆಗಲಿಲ್ಲವೇನೋ. ಮುಂದಿನ ತಿಂಗಳೇ ಮರಳಿ ಕರೆಸಿದರು. ಹೇಳಿದ ಮಾತೆಲ್ಲ ಸುಳ್ಳಾಗುವ ಒಂದು ಔಷಧಿ ಕುಡಿದ ನೊಬಿತಾ, ಡೊರೆಮಾನ್ ಇನ್ನು ಬರುವುದೇ ಇಲ್ಲ ಎಂದು ದುಃಖದಿಂದ ಹೇಳಿಬಿಡುತ್ತಾನೆ. ಕೋಣೆಗೆ ಬಂದು ನೋಡಿದರೆ ಡೊರೆಮಾನ್ ಅಲ್ಲೇ ಇರುತ್ತಾನೆ. ಇವೆರಡನ್ನೂ 2014ರ ಚಲನಚಿತ್ರದಲ್ಲಿ ಸೇರಿಸಿದ್ದಾರೆ.

ಮಗನಿಗೆ ಅದನ್ನು ತೋರಿಸಿದೆ. ಜಿಯಾನ್ ಜೊತೆಗಿನ ಹೊಡೆದಾಟದಲ್ಲಿ ನನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಹೊರಟುಹೋದಾಗ ಬಿಕ್ಕಿ ಬಿಕ್ಕಿ ಅತ್ತ. ಮರಳಿ ಬಂದಾಗ ಜೋರಾಗಿ ಅತ್ತ. ಮರುದಿನ ಶಾಲೆಯ ಗೇಟಿನ ಹತ್ತಿರ, ದಿನವೂ ತರಗತಿಯ ಬಾಗಿಲವರೆಗೆ ನನ್ನ ಕೈ ಹಿಡಿದು ಬರುತ್ತಿದ್ದವನು, “ನೀನು ಇಲ್ಲೇ ಇರು ಅಮ್ಮಾ” ಎಂದು ಒಬ್ಬನೇ ಒಳಗೆ ಹೋದ. ಎರಡು ಸಲ ತಿರುಗಿ ನೋಡಿದ. ನಾನು ಗೇಟಿನ ಹೊರಗೆ ನಿಂತೇ ಇದ್ದೆ.

ಹೇಮಾವತಿ ದಂಡೆ · ಗೊರೂರು · ಭಾನುವಾರ ಮಧ್ಯಾಹ್ನ

ಐದನೇ ಬೆಂಚಿನ ಅಕ್ಕನ ಬರಹಕ್ಕೆ ನಮಸ್ಕಾರ. ನನ್ನದು ಪೊಕೆಮಾನ್. ಪಕ್ಕದ ಮನೆಯ ಕೇಬಲ್ ಟಿವಿಯಲ್ಲಿ, ಬಾಗಿಲ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದ ಕಾಲ. ಕಥಾನಾಯಕ ಆಶ್ ತನ್ನ ಪಿಜಿಯಟ್ ಹಕ್ಕಿಯನ್ನು ಕಾಡಿನಲ್ಲಿ ಬಿಟ್ಟು, ಮತ್ತೆ ಬರುತ್ತೇನೆ ಎಂದು ಮಾತು ಕೊಟ್ಟು ಹೊರಟ. ಬರಲಿಲ್ಲ. ಋತುಗಳ ಮೇಲೆ ಋತು ಕಳೆದವು, ಹೊಸ ಊರು, ಹೊಸ ಗೆಳೆಯರು. ನನಗೆ ಮೀಸೆ ಬಂತು, ನೌಕರಿ ಬಂತು. ಆ ಹಕ್ಕಿಯನ್ನು ಮಾತ್ರ ಮರೆತಿರಲಿಲ್ಲ.

1997ರಲ್ಲಿ ಶುರುವಾದ ಆಶ್‌ನ ಪಯಣ 2023ರ ಮಾರ್ಚ್‌ನಲ್ಲಿ ಮುಗಿಯಿತು. ಅದಕ್ಕೂ ಮುಂಚೆ 2022ರ ನವೆಂಬರಿನಲ್ಲಿ ಅವನು ವಿಶ್ವ ಚಾಂಪಿಯನ್ ಆದಾಗ ಎಲ್ಲರೂ ಕುಣಿದರು. ನಾನು ಕಾಯುತ್ತಿದ್ದುದು ಬೇರೆಯದಕ್ಕೆ. ಕಟ್ಟಕಡೆಯ ಕಂತಿನಲ್ಲಿ ಆಶ್ ಆ ಕಾಡಿನ ಹತ್ತಿರ ಬರುತ್ತಾನೆ, ಪಿಜಿಯಟ್ ಸಿಗುತ್ತದೆ. ಕೊಟ್ಟ ಮಾತು ಉಳಿಯಿತು. ಮೂವತ್ತು ದಾಟಿದ ಗಂಡಸು ಅಂಗಡಿಯ ಗಲ್ಲಾದ ಹಿಂದೆ ಕುಳಿತು ಕಣ್ಣೊರೆಸಿಕೊಂಡೆ. ಬೇಲೂರು ರಸ್ತೆಯವರೇ, ನೀವು ಹೇಳಿದ ಸಾಲವನ್ನು ತೀರಿಸಿದವರೂ ಇದ್ದಾರೆ.

ಬೇಲೂರು ರಸ್ತೆ · ಹಾಸನ · ಭಾನುವಾರ ಮಧ್ಯಾಹ್ನ

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಪಿಜಿಯಟ್ ವಿಷಯ ನನಗೂ ನೆನಪಿತ್ತು. ಇವತ್ತೇ ನೋಡುತ್ತೇನೆ.

ಏಲಕ್ಕಿ · ಸಕಲೇಶಪುರ · ಭಾನುವಾರ ಸಂಜೆ

ಒಂದು ಬೇಸರ ಹೇಳಿಕೊಳ್ಳಲೇ? 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಕಥೆಯ ಅಂತಿಮ ಘಟ್ಟದ ಮೊದಲ ಚಿತ್ರ ಇಲ್ಲಿ ಬಿಡುಗಡೆಯಾದಾಗ ಹಿಂದಿ, ತಮಿಳು, ತೆಲುಗಿನ ಧ್ವನಿ ಇತ್ತು, ಕನ್ನಡದ್ದು ಇರಲಿಲ್ಲ. ರಾತ್ರಿಪಾಳಿ ಅಕ್ಕನಿಗೆ ಕಣ್ಣಾಮುಚ್ಚಾಲೆಯ ಕೂಗು ಕನ್ನಡದಲ್ಲಿ ಕೇಳಿಸಿತಲ್ಲ, ನಮ್ಮೆಲ್ಲರ ಕಿವಿಯಲ್ಲೂ ಹಾಗೆಯೇ ಕೇಳಿಸುತ್ತಿದೆ. ಅಳು ಬರುವ ಭಾಷೆಯಲ್ಲಿ ಕೊನೆಯ ಕಂತನ್ನು ಕೇಳುವ ಆಸೆ ನನಗಿದೆ.

ಗಮಕದ ಮನೆ · ಕಡೂರು · ಭಾನುವಾರ ರಾತ್ರಿ

ಎಲ್ಲರ ಬರಹ ಓದಿದೆ. ಹೂಮಳೆ, ನಿನಗೆ ಒಂದು ಹೆಸರು ಸೂಚಿಸುತ್ತೇನಮ್ಮ. ‘ಫ್ರೀರೆನ್’. 2023–24ರಲ್ಲಿ ಮೊದಲ ಭಾಗ ಬಂತು, 28 ಕಂತು. ನಮ್ಮ ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಕವಿ ಜೈಮಿನಿ ಭಾರತ ಬರೆದನಲ್ಲ, ಕುರುಕ್ಷೇತ್ರ ಯುದ್ಧವೆಲ್ಲ ಮುಗಿದ ಮೇಲೆ, ಗೆದ್ದವರ ಮನಸ್ಸಿನಲ್ಲಿ ನೆಮ್ಮದಿ ಇಲ್ಲದ ಹೊತ್ತಿನಲ್ಲಿ ಅವನ ಕಥೆ ಹೊರಡುತ್ತದೆ. ಯಜ್ಞದ ಕುದುರೆಯ ಹಿಂದೆ ಊರೂರು ಸುತ್ತುತ್ತಾ ಹೋಗುತ್ತದೆ. ಇದೂ ಹಾಗೆಯೇ. ಅಸುರ ರಾಜನನ್ನು ಕೊಂದು ನಾಲ್ವರು ಹತ್ತು ವರ್ಷಗಳ ಪಯಣದಿಂದ ಊರಿಗೆ ಮರಳುವಲ್ಲಿಂದ ಮೊದಲ ಕಂತು ಶುರು. ಅವರಲ್ಲೊಬ್ಬಳಾದ ಫ್ರೀರೆನ್‌ಗೆ ಸಾವಿರ ವರ್ಷ ದಾಟಿದ ಆಯುಷ್ಯ, ಹತ್ತು ವರ್ಷ ಅವಳಿಗೆ ಲೆಕ್ಕಕ್ಕಿಲ್ಲ. ಐವತ್ತು ವರ್ಷಗಳ ನಂತರ ಬಂದು ನೋಡಿದರೆ ಜೊತೆಗಾರ ಹಿಮ್ಮೆಲ್ ಹಣ್ಣು ಮುದುಕ. ಅವನ ಅಂತ್ಯಸಂಸ್ಕಾರದಲ್ಲಿ ನಿಂತು, ಇವನನ್ನು ತಿಳಿದುಕೊಳ್ಳಲು ನಾನೇಕೆ ಪ್ರಯತ್ನಿಸಲಿಲ್ಲ ಎಂದು ಅಳುತ್ತಾಳೆ. ಆಮೇಲೆ ಹಳೆಯ ದಾರಿಯನ್ನೇ ಮತ್ತೆ ಹಿಡಿದು ನಡೆಯುತ್ತಾಳೆ. ನಾನು ಇದನ್ನು ಎರಡು ಸಲ ನೋಡಿದೆ.

ಹೂಮಳೆ · ಮೂಡಿಗೆರೆ · ಸೋಮವಾರ ರಾತ್ರಿ

ಕರೆಂಟು ಇವತ್ತು ಬಂತು. ಎಲ್ಲವನ್ನೂ ಒಮ್ಮೆಲೇ ಓದಿದೆ, ಕೆಲವನ್ನು ಅಮ್ಮನಿಗೂ ಓದಿ ಹೇಳಿದೆ. ಮೇಷ್ಟರ ತಮ್ಮನ ವಿಷಯ ಓದುವಾಗ ಅಮ್ಮ ಕಾಫಿ ಲೋಟ ಕೆಳಗಿಟ್ಟರು.

ನಿಮ್ಮ ಬರಹಗಳನ್ನು ಓದಿದ ಧೈರ್ಯದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಕೊನೆಯ ಕಂತು ನೋಡಿದೆ ಎಂದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವನು 2023ರಲ್ಲೇ, ಪ್ರಸಾರವಾದ ರಾತ್ರಿಯೇ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುಳಿತು ನೋಡಿದ್ದನಂತೆ. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಜಗಳವಾಡಿದೆ, ಹಳೆಯ ಕಾಲದ ಹಾಗೆಯೇ. “ನೀನು ಇನ್ನೂ ನೋಡಿಲ್ಲ ಎಂದು ಗೊತ್ತಿತ್ತು. ನಾನು ಹೇಳಿದ್ದರೆ ನನಗೋಸ್ಕರ ನೋಡಿಬಿಡುತ್ತಿದ್ದೆ” ಎಂದ. ಆಮೇಲೆ ಇಬ್ಬರೂ ಆರ್ಮಿನ್ ಆಡಿದ ಮಾತಿನ ಬಗ್ಗೆ ಒಂದು ಗಂಟೆ ವಾದ ಮಾಡಿದೆವು. ಬೇಲೂರು ರಸ್ತೆಯವರೇ, ಅಣ್ಣ ನಿಮ್ಮ ಪಕ್ಷ.

ಶನಿವಾರ ಊರಿಗೆ ಬರುತ್ತಾನೆ. ಅಮ್ಮ ಕಳಲೆ ನೆನೆಹಾಕಲು ಹೇಳಿದ್ದಾರೆ. ‘ಫ್ರೀರೆನ್’ ಮೊದಲ ನಾಲ್ಕು ಕಂತು ಇಳಿಸಿಕೊಂಡಿದ್ದೇನೆ. ಕಥೆ ಎಲ್ಲಿಂದ ಶುರುವಾಗುತ್ತದೆ ಎಂದು ಅಣ್ಣನಿಗೆ ಹೇಳಿಲ್ಲ.